ಮೂರನೆಯ ಬಟ್ಟಲು

ದೀದಿ ತೀರಿಕೊಂಡ ಸುದ್ದಿ ಬಂದಾಗ ನಾನು ಕುರ್ಲಾ ಸ್ಟೇಷನ್ನಿನ ಮೇಲ್ಸೇತುವೆಯ ಮೇಲಿದ್ದೆ. ಅವರ ತಮ್ಮ ನನ್ನ ಮೊಬೈಲಿಗೆ ಧ್ವನಿ ಸಂದೇಶ ಕಳಿಸಿದ್ದ. ಜನರ ನೂಕಾಟದಲ್ಲಿ ಸರಿಯಾಗಿ ಕೇಳಿಸದೆ, ಕಂಬದ ಮರೆಗೆ ನಿಂತು ಫೋನನ್ನು ಕಿವಿಗೆ ಒತ್ತಿಕೊಂಡು ಇನ್ನೊಮ್ಮೆ ಕೇಳಿದೆ. ತಡವರಿಸುವ ಇಂಗ್ಲಿಷಿನಲ್ಲಿ ಅವನು ಹೇಳಿದ್ದು ಇಷ್ಟೇ: ಅಕ್ಕ ನಿದ್ದೆಯಲ್ಲೇ ಹೋದಳು, ನೋವಿರಲಿಲ್ಲ, ನಿಮ್ಮ ಅಮ್ಮನಿಗೆ ತಿಳಿಸಿ.

ಮನೆಗೆ ಬಂದು ಹೇಳಿದಾಗ ಅಮ್ಮ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು. ಗ್ಯಾಸು ಆರಿಸಿದಳು. ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಆದರೂ ಅದನ್ನು ಇನ್ನಷ್ಟು ತೆರೆಯಬಹುದೇನೋ ಎನ್ನುವಂತೆ ಒಮ್ಮೆ ತಳ್ಳಿ ನೋಡಿದಳು.

"ಅವಳು ಯಾವತ್ತೋ ಹೋಗಿ ಆಗಿದೆ. ಉಸಿರು ಈಗ ಹೋದದ್ದು," ಎಂದಳು.

ಅದು ನಿಜ. ಎರಡು ವರ್ಷದ ಹಿಂದಿನ ಜನವರಿಯಲ್ಲಿ, ಹಬ್ಬದ ದಿನ, ದೀದಿಯ ಮನೆಯ ಮುಚ್ಚಿದ ಕೋಣೆಯಲ್ಲಿ ನಾವೆಲ್ಲರೂ ಸಾಯುವುದಿತ್ತು. ಯಾರೂ ಸಾಯಲಿಲ್ಲ. ಆದರೆ ದೀದಿ ಆ ಕೋಣೆಯಿಂದ ಪೂರ್ತಿ ಹೊರಗೆ ಬರಲಿಲ್ಲ.

ಅವರಿಗೊಂದು ಉದ್ದನೆಯ, ಚಂದದ ಹೆಸರಿತ್ತು. ಅದನ್ನು ನಾವು ಯಾರೂ ಸರಿಯಾಗಿ ಉಚ್ಚರಿಸಲಿಲ್ಲ, ಈಗ ತಪ್ಪಾಗಿ ಬರೆಯುವುದು ಬೇಡ. ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್‌ನಿಂದ ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವರು ದೀದಿ. ಇಥಿಯೋಪಿಯಾದವರು. ನಾನು ಕೆಲಸ ಮಾಡುವ ಆಸ್ಪತ್ರೆಗೆ ಆಫ್ರಿಕಾದಿಂದಲೂ ಅರಬ್ ದೇಶಗಳಿಂದಲೂ ರೋಗಿಗಳು ಬರುತ್ತಾರೆ. ಅವರ ಕಾಗದಪತ್ರ ನೋಡುವ ಕೌಂಟರಿನಲ್ಲಿ ನಾನು ಕೂರುತ್ತೇನೆ. ದೀದಿ ಆ ರೋಗಿಗಳ ದುಭಾಷಿ. ಅವರ ಮಾತನ್ನು ಡಾಕ್ಟರಿಗೂ ಡಾಕ್ಟರ ಮಾತನ್ನು ಅವರಿಗೂ ದಾಟಿಸುವುದು ದೀದಿಯ ಕೆಲಸ.

ಮೊದಲು ಅವರು ಬಂದದ್ದು ಗಂಡನ ಚಿಕಿತ್ಸೆಗೆ. ಗಂಡ ಇಲ್ಲೇ ತೀರಿಕೊಂಡರು. ದೀದಿ ಊರಿಗೆ ಹೋಗಿ, ಕರ್ಮಗಳನ್ನೆಲ್ಲ ಮುಗಿಸಿ, ಕೆಲವು ತಿಂಗಳಲ್ಲಿ ವಾಪಸು ಬಂದು ಆಸ್ಪತ್ರೆಯಲ್ಲಿ ಕೆಲಸ ಕೇಳಿದರು. ಗಂಡ ಸತ್ತ ಜಾಗಕ್ಕೆ ಯಾರಾದರೂ ತಿರುಗಿ ಬರುತ್ತಾರೆಯೇ ಎಂದು ನಾನೊಮ್ಮೆ ಕೇಳಿಯೇಬಿಟ್ಟೆ. ಅವರು ಕ್ಯಾಂಟೀನಿನ ಚಹಾವನ್ನು ಊದುತ್ತಾ ಹೇಳಿದರು: "ಕೊನೆಯ ದಿನಗಳಲ್ಲಿ ಡಾಕ್ಟರು ಹೇಳಿದ್ದು ನನಗೆ ಅರ್ಧ ಮಾತ್ರ ಅರ್ಥವಾಯಿತು. ಉಳಿದ ಅರ್ಧ ಇಲ್ಲೇ ಎಲ್ಲೋ ಬಿದ್ದಿದೆ. ಅದಕ್ಕೇ ಬಂದೆ."

ತಮ್ಮ ಅಮ್ಹಾರಿಕ್ ಭಾಷೆಯ ಜೊತೆಗೆ ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಹರೆಯದಲ್ಲಿ ಕೊಲ್ಲಿ ದೇಶದ ಮನೆಯೊಂದರಲ್ಲಿ ಕೆಲಸಕ್ಕಿದ್ದಾಗ ಅರಬ್ಬಿ ಕಲಿತಿದ್ದರು. ಸೋಮಾಲಿ ಅಷ್ಟಿಷ್ಟು ಬರುತ್ತಿತ್ತು. ಹಿಂದಿ ಮಾತ್ರ ಪಕ್ಕಾ ಮುಂಬಯಿಯದು. ರಿಕ್ಷಾದವರ ಜೊತೆ ಜಗಳ ಆಡುವಾಗ ಅವರನ್ನು ಕಣ್ಣು ಮುಚ್ಚಿ ಕೇಳಿದರೆ ಘಾಟ್‌ಕೋಪರಿನಲ್ಲಿ ಹುಟ್ಟಿದವರು ಎನ್ನಬೇಕಿತ್ತು.

ಅವರ ಕೆಲಸದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. 'ಇವಳಿಗೆ ಹೊಟ್ಟೆನೋವಂತೆ' ಎಂದು ಅವರು ಯಾವತ್ತೂ ಹೇಳುತ್ತಿರಲಿಲ್ಲ. 'ನನಗೆ ಹೊಟ್ಟೆನೋವು, ನಿನ್ನೆಯಿಂದ ನಿದ್ದೆಯಿಲ್ಲ, ನನ್ನ ಮಗುವನ್ನು ಊರಲ್ಲಿ ಬಿಟ್ಟು ಬಂದಿದ್ದೇನೆ' ಎಂದೇ ಹೇಳುವರು. ಹೊಸ ಡಾಕ್ಟರೊಬ್ಬ ಗೊಂದಲಗೊಂಡು, "ದೀದಿ, ಪೇಶಂಟ್ ಯಾರು, ನೀವಾ?" ಎಂದಿದ್ದ. "ಈ ಕೋಣೆಯಲ್ಲಿರುವಷ್ಟು ಹೊತ್ತು ನಾನೇ," ಎಂದರು ದೀದಿ. ಕೆಟ್ಟ ಸುದ್ದಿಯನ್ನು ದಾಟಿಸಬೇಕಾದಾಗ ರೋಗಿಯ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಕೈ ಹಿಡಿದರೆ ಸಾಂತ್ವನ ಹೇಳುತ್ತಿದ್ದಾರೆ ಎಂದು ಮೊದಲೇ ಗೊತ್ತಾಗಿಬಿಡುತ್ತದಂತೆ. "ರೋಗಕ್ಕೆ ಭಾಷೆ ಬೇಡ, ರೋಗಿಗೆ ಬೇಕು," ಎನ್ನುತ್ತಿದ್ದರು.

ಚೆಂಬೂರಿನ ನಮ್ಮ ಹಳೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಅವರಿಗೆ ಬಾಡಿಗೆ ಮನೆ ಹುಡುಕಿ ಕೊಟ್ಟವಳು ನಾನು. ನಾವಿರುವುದು ಅದರ ಕೆಳಗಿನ ಮಾಳಿಗೆಯಲ್ಲಿ, ಅಮ್ಮ ಮತ್ತು ನಾನು. ಅಪ್ಪ ಕುರ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಿದ್ದರು, ಅವರು ಹೋಗಿ ಬಹಳ ವರ್ಷವಾಯಿತು. ಅಮ್ಮನಿಗೆ ಹೊಸಬರ ಮೇಲೆ ನಂಬಿಕೆ ಹುಟ್ಟಲು ತಿಂಗಳುಗಳು ಬೇಕು. ದೀದಿಯ ವಿಷಯದಲ್ಲಿ ಒಂದೇ ದಿನ ಸಾಕಾಯಿತು, ಅದೂ ಜಗಳದಿಂದ.

ಅಮ್ಮ ಅವರಿಗೆ ಫಿಲ್ಟರ್ ಕಾಫಿ ಕೊಟ್ಟಿದ್ದಳು. ದೀದಿ ಒಂದು ಗುಟುಕು ಕುಡಿದು, "ಅಮ್ಮ, ಹಾಲು ಚೆನ್ನಾಗಿದೆ. ಕಾಫಿ ಎಲ್ಲಿ?" ಎಂದರು.

"ನಿಮ್ಮಲ್ಲಿ ಹಾಲೇ ಹಾಕುದಿಲ್ವಾ? ಅದು ಕಾಪಿಯಾ, ಕಷಾಯವಾ?" ಅಮ್ಮನ ಹಿಂದಿಯಲ್ಲಿ ಅರ್ಧ ಕನ್ನಡವೇ ಇರುತ್ತದೆ.

"ಕಾಫಿ ಹುಟ್ಟಿದ್ದೇ ನಮ್ಮ ದೇಶದಲ್ಲಿ, ಅಮ್ಮ."

"ಹುಟ್ಟಿದ್ದು ಅಲ್ಲಿಯಾದ್ರೆ ಎಂತ? ಬೆಳೆದು ಮನುಷ್ಯ ಆದದ್ದು ಉಡುಪಿ ಹೋಟೆಲಲ್ಲಿ."

ನಾನು ಇದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ದೀದಿ ಲೋಟ ಕೆಳಗಿಟ್ಟು ನಕ್ಕರು. ಅವರು ನಗುವಾಗ ಬಾಯಿಗೆ ಅಡ್ಡವಾಗಿ ಕೈ ಇಡುತ್ತಿದ್ದರು, ಆದರೆ ಭುಜಗಳು ಗುಟ್ಟು ಬಿಟ್ಟುಕೊಡುತ್ತಿದ್ದವು. ಅಂದಿನಿಂದ ಅಮ್ಮನಿಗೆ ಅವರು 'ಮಾರಾಯ್ತಿ' ಆದರು. ಅವರಿಗೆ ಅಮ್ಮ, ಅಮ್ಮನೇ.

ಆ ವರ್ಷದ ಮಳೆಗಾಲದಲ್ಲಿ ಅಮ್ಮ ಅವರಿಗೆ ಇನ್ನೊಂದು ವಿದ್ಯೆ ಕಲಿಸಿದಳು. ಚೆಂಬೂರಿನಲ್ಲಿ ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಗಾಳಿ ಕಾರ್ಖಾನೆಗಳ ಕಡೆಯಿಂದ ತಿರುಗಿದರೆ ಕೆಲವು ದಿನ ಒಂದು ವಾಸನೆ ಬರುತ್ತದೆ. ಒಮ್ಮೆ ಕೊಳೆತ ಮೊಟ್ಟೆಯಂತೆ, ಒಮ್ಮೆ ಸೀಮೆಎಣ್ಣೆಯಂತೆ. ಕೆಳಗಿನಿಂದ ಯಾರಾದರೂ "ವಾಸ್ ಯೇತೋಯ್!" ಅಂದರೆ ವಾಸನೆ ಬರುತ್ತಿದೆ ಎಂದು ಮರಾಠಿಯಲ್ಲಿ ಕೂಗುತ್ತಾರೆ. ಕೂಡಲೇ ಇಡೀ ಬಿಲ್ಡಿಂಗಿನ ಕಿಟಕಿಗಳು ದಡದಡನೆ ಮುಚ್ಚಿಕೊಳ್ಳುತ್ತವೆ. ವಾಸನೆ ಹೋಗುವ ತನಕ ಯಾರೂ ತೆರೆಯುವುದಿಲ್ಲ. ನಾನು ಶಾಲೆಗೆ ಹೋಗುವಾಗಿನಿಂದ ನೋಡಿದ್ದೇನೆ, ಈ ಊರಿನಲ್ಲಿ ಅಪಾಯ ಅಂದರೆ ಹೊರಗಿನಿಂದ ಬರುವಂಥದ್ದು, ಮೂಗಿಗೆ ತಿಳಿಯುವಂಥದ್ದು. ಆ ದಿನ ಅಮ್ಮ ಮೆಟ್ಟಿಲು ಹತ್ತಿ ಓಡಿ ಹೋಗಿ, ಏನೂ ತಿಳಿಯದೆ ಬಾಲ್ಕನಿಯಲ್ಲಿ ನಿಂತಿದ್ದ ದೀದಿಯನ್ನು ಒಳಗೆಳೆದು, ಗಾಜುಗಳನ್ನು ಸರಿಸಿ ಮುಚ್ಚಿ ಬೈದಳು: "ಮೂಗಿಲ್ವಾ ನಿಂಗೆ? ಈ ವಾಸನೆ ಬಂದ್ರೆ ಮೊದ್ಲು ಕಿಟಕಿ ಹಾಕುದು. ಮತ್ತೆ ಬಾಕಿ ಕೆಲಸ."

"ಕಿಟಕಿ ಹಾಕುದು," ಎಂದು ದೀದಿ ಪಾಠ ಒಪ್ಪಿಸುವಂತೆ ಹೇಳಿದರು. ಅವರು ಕಲಿತ ಮೊದಲ ಕನ್ನಡ ಮಾತು ಅದು.

ಹಬ್ಬಗಳ ವಿಷಯಕ್ಕೆ ಬರುತ್ತೇನೆ. ಅವರನ್ನು ನೆನೆದರೆ ಮೊದಲು ನೆನಪಾಗುವುದೂ ಅದೇ, ನೆನಪಾಗಬಾರದೆಂದು ನಾನು ತಪ್ಪಿಸಿಕೊಳ್ಳುವುದೂ ಅದೇ.

ಆಸ್ಪತ್ರೆಗೆ ರಜೆ ಇರುವ ದಿನ ಪರದೇಶದ ರೋಗಿಗೆ ಎಲ್ಲಕ್ಕಿಂತ ಭಾರದ ದಿನ. ಪರೀಕ್ಷೆಯಿಲ್ಲ, ಡಾಕ್ಟರಿಲ್ಲ, ಬಾಡಿಗೆ ಕೋಣೆಯ ಗೋಡೆ ಬಿಟ್ಟರೆ ಬೇರೇನೂ ಇಲ್ಲ. ದೀದಿ ಅಂಥವರನ್ನೆಲ್ಲ ತಮ್ಮ ಒಂದು ಕೋಣೆ, ಒಂದು ಅಡುಗೆಮನೆಗೆ ಕರೆಯುತ್ತಿದ್ದರು. ಈದ್ ದಿನ ಸೋಮಾಲಿಯಾದ, ಸುಡಾನಿನ ಮನೆಮಂದಿ. ಡಿಸೆಂಬರಿನ ಕ್ರಿಸ್‌ಮಸ್‌ಗೆ ಕೀನ್ಯಾದವರು. ದೀಪಾವಳಿಗೆ ನಮ್ಮ ಅಮ್ಮನ ಸರದಿ, ಅವಳ ಕಡುಬನ್ನು ಎಲ್ಲರೂ ಗಂಭೀರ ಮುಖ ಮಾಡಿಕೊಂಡು ತಿನ್ನುತ್ತಿದ್ದರು. ಒಬ್ಬರ ಹಾಡು ಇನ್ನೊಬ್ಬರಿಗೆ ಅರ್ಥವಾಗದಿದ್ದರೂ ದೀದಿ ಅದನ್ನು ತಿರುಗಿಸಿ ಹೇಳುತ್ತಿರಲಿಲ್ಲ. "ಇವತ್ತು ನನಗೆ ರಜೆ," ಎನ್ನುತ್ತಿದ್ದರು. ಮತ್ತೆ ಅವರ ಒಂದು ಮಾತಿತ್ತು: "ಹಬ್ಬದ ದಿನ ಒಬ್ಬರೇ ಉಂಡರೆ ಅದು ಬರೀ ಊಟ."

ಅವರ ಸ್ವಂತ ಹಬ್ಬ, ಅವರ ದೇಶದ ಕ್ರಿಸ್‌ಮಸ್, ಬರುತ್ತಿದ್ದುದು ಎಲ್ಲರ ಕ್ರಿಸ್‌ಮಸ್ ಮುಗಿದು, ಬಜಾರಿನವರು ನಕ್ಷತ್ರದ ದೀಪಗಳನ್ನು ಬಿಚ್ಚಿಟ್ಟ ಮೇಲೆ, ಜನವರಿ ಮೊದಲ ವಾರದಲ್ಲಿ. ಅವರ ಪಂಚಾಂಗ ಬೇರೆ. ಅದಕ್ಕೆ ಮುಂಚೆ ತಿಂಗಳಿಗೂ ಹೆಚ್ಚು ಕಾಲ ಮೀನು, ಮಾಂಸ, ಹಾಲು, ತುಪ್ಪ ಏನನ್ನೂ ಮುಟ್ಟುವುದಿಲ್ಲ. ಉಪವಾಸ ಹಿಡಿಯುವುದರಲ್ಲಿ ತನ್ನನ್ನು ಮೀರಿಸಿದವರು ಇಲ್ಲ ಎಂದುಕೊಂಡಿದ್ದ ಅಮ್ಮ ಈ ಒಂದು ವಿಷಯದಲ್ಲಿ ಸೋತಳು.

ಉಳಿದ ದಿನಗಳಲ್ಲಿ ದೀದಿ ಗ್ಯಾಸಿನ ಮೇಲೇ ಕಾಫಿ ಕಾಯಿಸುವರು. ಈ ಹಬ್ಬದ ದಿನ ಮಾತ್ರ ಕೆಂಡವೇ ಬೇಕು. ಬಿಲ್ಡಿಂಗಿನ ಕೆಳಗೆ ಇಸ್ತ್ರಿ ಮಾಡುವವನ ಹತ್ತಿರ ಇದ್ದಿಲು ಕೇಳಿ ತರುವರು. ಇಲ್ಲಿಯವರು ಸಿಗಡಿ ಎನ್ನುವ ಸಣ್ಣ ಇದ್ದಿಲೊಲೆಯನ್ನು ಬಾಲ್ಕನಿಯ ಬಾಗಿಲಿಗೆ ತಾಗಿದಂತೆ ಇಟ್ಟು, ಬಿಳಿ ಸೀರೆಯಂಥ ಬಟ್ಟೆ ಹೊದ್ದು, ಪಕ್ಕದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂರುವರು. ನೆಲಕ್ಕೆ ಹಸಿ ಹುಲ್ಲು ಹಾಸಬೇಕು. ಚೆಂಬೂರಿನಲ್ಲಿ ಹುಲ್ಲೆಲ್ಲಿ? ಮೊದಲ ವರ್ಷ ಅವರು ಹೂವಿನವಳ ಹತ್ತಿರವಿದ್ದ ಗರಿಕೆಯ ಕಟ್ಟುಗಳನ್ನೆಲ್ಲ ತಂದು ಹರಡಿಬಿಟ್ಟಿದ್ದರು.

ಅಮ್ಮ ಹೊಸ್ತಿಲಲ್ಲೇ ನಿಂತಳು. "ಅಯ್ಯೋ ದೇವರೇ, ಗಣಪತಿಯ ಗರಿಕೆ! ಅದರ ಮೇಲೆ ಕಾಲಿಡುದಾ?"

"ಬನ್ನಿ ಅಮ್ಮ, ದೇವರು ಇವತ್ತು ನೆಲದ ಮೇಲೇ ಹುಟ್ಟಿದ್ದು," ಎಂದರು ದೀದಿ. ಅಮ್ಮ ಗೋಡೆಯ ಬದಿಯಲ್ಲಿ ಗರಿಕೆಯಿಲ್ಲದ ಜಾಗ ಹುಡುಕಿ ನಡೆದು ಬಂದು ಕೂತಳು.

ಹಸಿ ಕಾಫಿ ಬೀಜವನ್ನು ತೊಳೆದು, ಕೆಂಡದ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ಅವರು ಒಬ್ಬೊಬ್ಬರ ಮುಂದೆ ಹಿಡಿಯುತ್ತಿದ್ದರು. ಆ ಪರಿಮಳವನ್ನು ಕೈಯಿಂದ ಮುಖಕ್ಕೆ ಎಳೆದುಕೊಳ್ಳಬೇಕು. ಅಮ್ಮ ಮಂಗಳಾರತಿ ತೆಗೆದುಕೊಂಡಂತೆ ಎರಡೂ ಕೈ ಕಣ್ಣಿಗೊತ್ತಿಕೊಂಡಳು. ಆಮೇಲೆ ತಟ್ಟೆಗೆ ಹಾಕಲು ಸೆರಗಿನ ಗಂಟಿನಲ್ಲಿ ನಾಣ್ಯ ಹುಡುಕಿದಳು. ಬೀಜ ಕುಟ್ಟಿ, ಉದ್ದ ಕತ್ತಿನ ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಮೇಲಿನಿಂದ ಸಪೂರ ಧಾರೆಯಲ್ಲಿ ಹೊಯ್ಯುವರು. ಬಟ್ಟಲನ್ನು ಬಲಗೈಯಲ್ಲಿ ಕೊಡುವಾಗ ಎಡಗೈ ಬಲ ಮೊಣಕೈಯನ್ನು ಮುಟ್ಟಿರುತ್ತಿತ್ತು. ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೆಯ ಸಲ, ಮತ್ತೆ ಮೂರನೆಯ ಸಲ. ಮೊದಲನೆಯದು ರುಚಿಗೆ, ಎರಡನೆಯದು ಮಾತಿಗೆ, ಮೂರನೆಯದು ಆಶೀರ್ವಾದಕ್ಕೆ ಎಂದು ದೀದಿ ಹೇಳುತ್ತಿದ್ದರು. ಮೂರನೆಯದನ್ನು ಕುಡಿಯದೆ ಏಳಬಾರದು. ಎದ್ದರೆ ಕೊಡುವವರ ಕೈಯಲ್ಲೇ ಆಶೀರ್ವಾದ ಉಳಿದುಬಿಡುತ್ತದೆ.

ಅಮ್ಮ ಒಂದು ವರ್ಷವೂ ಮೂರನೆಯದಕ್ಕೆ ಕೂರಲಿಲ್ಲ. ಮೂರು ಸುತ್ತು ಮುಗಿಯುವಾಗ ಹೊತ್ತು ಮುಳುಗುತ್ತದೆ. ಹೊತ್ತು ಮುಳುಗುವಾಗ ಅವಳಿಗೆ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಬೇಕು, ಗಂಟೆ ಬಾರಿಸಬೇಕು.

"ಅಮ್ಮ, ಪ್ರತಿ ವರ್ಷ ನನ್ನ ಆಶೀರ್ವಾದ ಬಿಟ್ಟು ಓಡುತ್ತೀರಿ."

"ನಿನ್ನ ಆಶೀರ್ವಾದಕ್ಕೆ ಕಾಲುಂಟು, ಕೆಳಗೆ ಬರ್ತದೆ. ನನ್ನ ದೇವರಿಗೆ ಕಾಲಿಲ್ಲ, ನಾನೇ ಹೋಗ್ಬೇಕು."

ಇದು ಅವರಿಬ್ಬರ ನಡುವಿನ ವರ್ಷದ ಜಗಳ. ದೀದಿ ನಗುತ್ತಲೇ ಬಿಟ್ಟುಕೊಡುತ್ತಿದ್ದರು, ಆದರೆ ಪೂರ್ತಿ ನಗುವಾಗಿರಲಿಲ್ಲ ಅದು. ಹಬ್ಬದ ದಿನ ಅವರ ಮನೆಯಲ್ಲಿ ತಮ್ಮವರೆನ್ನುವ ಹಿರಿಯರು ಅಂತ ಇದ್ದವಳು ಅಮ್ಮ ಒಬ್ಬಳೇ.

ಎರಡು ವರ್ಷದ ಹಿಂದಿನ ಆ ಹಬ್ಬಕ್ಕೆ ಬಂದವರು ಕೆಲವರೇ. ಗಂಟಲಿನ ಆಪರೇಷನ್ ಆಗಿದ್ದ ಕೀನ್ಯಾದ ಒಬ್ಬ ಶಾಲಾ ಮಾಸ್ತರರು, ಕೀಮೋ ನಡೆಯುತ್ತಿದ್ದ ಸೋಮಾಲಿಯಾದ ಮುದುಕಿ ಮತ್ತು ಅವಳ ಮಗಳು, ದೀದಿಯ ದೇಶದಿಂದ ಹೊಸದಾಗಿ ಬಂದಿದ್ದ ಇಬ್ಬರು ಹೆಂಗಸರು, ಅಮ್ಮ, ನಾನು. ಊಟವಾಯಿತು. ಕೆಂಡ ಚೆನ್ನಾಗಿ ಹಿಡಿದಿತ್ತು. ಬೂದಿ ಹಾರುತ್ತದೆ ಎಂದು ಫ್ಯಾನು ಹಾಕಿರಲಿಲ್ಲ. ಧೂಪದ ಪರಿಮಳ ಕೋಣೆ ತುಂಬಿತ್ತು. ಮೊದಲ ಸುತ್ತಿನ ಬಟ್ಟಲುಗಳು ಇನ್ನೂ ಕೈಯಲ್ಲಿದ್ದಾಗ ಕೆಳಗಿನಿಂದ ಯಾರೋ ಕೂಗಿದರು.

"ವಾಸ್ ಯೇತೋಯ್!"

ನಮಗಾರಿಗೂ ಏಳುವ ಅಗತ್ಯ ಬೀಳಲಿಲ್ಲ. ದೀದಿ ಎದ್ದು, ಬಾಲ್ಕನಿಯ ಗಾಜಿನ ಬಾಗಿಲು ಎಳೆದು, ಎರಡು ಕಿಟಕಿಗಳನ್ನೂ ಸರಿಸಿ ಕೊಂಡಿ ಹಾಕಿದರು. ಕೋಣೆಯಲ್ಲಿ ಕಾಯಿಲೆಯವರಿದ್ದಾರೆ ಎಂದು ಬಾಗಿಲ ಸಂದಿಗೆ ಒಂದು ಹಳೆಯ ದುಪ್ಪಟ್ಟವನ್ನೂ ತುರುಕಿದರು. ತಿರುಗಿ ಅಮ್ಮನನ್ನು ನೋಡಿ ಕನ್ನಡದಲ್ಲಿ ಹೇಳಿದರು: "ಕಿಟಕಿ ಹಾಕುದು. ಮತ್ತೆ ಬಾಕಿ ಕೆಲಸ."

"ಶಾಬಾಸ್ ಮಾರಾಯ್ತಿ," ಎಂದಳು ಅಮ್ಮ. "ಈಗ ನೀನು ಚೆಂಬೂರಿನವಳಾದೆ."

ಅವರು ಸಿಗಡಿಯ ಪಕ್ಕದಲ್ಲಿ ಮತ್ತೆ ಕೂತು, ಎರಡನೆಯ ಸುತ್ತಿಗೆ ಹೊಸ ಇದ್ದಿಲು ಹಾಕಿ ಬೀಸಣಿಗೆಯಿಂದ ಗಾಳಿ ಹಾಕಿದರು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಲೋಕಲ್‌ನಲ್ಲಿ ನಿಂತಿರುವಾಗ, ಕೌಂಟರಿನಲ್ಲಿ ಯಾರದೋ ಪಾಸ್‌ಪೋರ್ಟ್ ತಿರುವುತ್ತಿರುವಾಗ, ಅದು ತಾನಾಗಿ ಶುರುವಾಗುತ್ತದೆ. ಎಲ್ಲಿಯೂ ಬೇಗ ಓಡುವುದಿಲ್ಲ. ಆ ಮಧ್ಯಾಹ್ನ ಎಷ್ಟು ನಿಧಾನವಾಗಿತ್ತೋ ಅಷ್ಟೇ ನಿಧಾನ.

ಮೊದಲು ಸೋಮಾಲಿ ಮುದುಕಿ ವಾಂತಿ ಮಾಡಿಕೊಂಡಳು. ನಿನ್ನೆಯ ಇಂಜೆಕ್ಷನ್ನಿನದು ಎಂದಳು ಮಗಳು. ಕೀನ್ಯಾದ ಮಾಸ್ತರರು ಹಣೆ ಒತ್ತಿಕೊಂಡು, ಬಿ.ಪಿ. ಮಾತ್ರೆ ಮರೆತೆ ಎಂದರು. ದೀದಿಯ ದೇಶದ ಹೆಂಗಸೊಬ್ಬಳು ಗೋಡೆಗೊರಗಿ ಅಳತೊಡಗಿದಳು, ಊರಿನ ನೆನಪು. ನನ್ನ ತಲೆ ಸಿಡಿಯುತ್ತಿತ್ತು, ಧೂಪ ಹೆಚ್ಚಾಯಿತು ಅಂದುಕೊಂಡೆ. "ಎಂಥದೋ ಮಂಪರು, ತಿಂದದ್ದು ಜಾಸ್ತಿಯಾಯ್ತು," ಎಂದಳು ಅಮ್ಮ. ದೀದಿ ಆಕಳಿಸಿ, ಉಪವಾಸ ಬಿಟ್ಟ ದಿನ ಹೀಗೇ ಎಂದು ನಕ್ಕರು. ಅಂದು ತಮಗೆ ರಜೆ ಎನ್ನುವುದನ್ನು ಮರೆತು ಒಬ್ಬರ ಕಾರಣವನ್ನು ಇನ್ನೊಬ್ಬರ ಭಾಷೆಗೆ ತಿರುಗಿಸಿ ಹೇಳಿದರು. ಕಾಯಿಲೆಯವರ ಕೋಣೆ ಅದು. ಪ್ರತಿಯೊಬ್ಬರಿಗೂ ಅವರವರದೇ ಒಂದು ಕಾರಣ ಕೈಗೆಟುಕುವಂತೆ ಇತ್ತು. ಅಷ್ಟು ಭಾಷೆಗಳಲ್ಲಿ ನಾವೆಲ್ಲ ಹೇಳುತ್ತಿದ್ದುದು ಒಂದೇ ಮಾತು. ಅದೊಂದನ್ನು ದಾಟಿಸಲು ದೀದಿಗೂ ಆಗಲಿಲ್ಲ.

"ಕಾಫಿ ಕುಡಿಯಿರಿ, ತಲೆನೋವು ಹೋಗುತ್ತದೆ," ಎಂದು ಅವರು ಎರಡನೆಯದನ್ನು ಹೊಯ್ದರು. ಧಾರೆ ಬಟ್ಟಲಿನ ಹೊರಗೆ ಬಿತ್ತು. ಅವರ ಕೈ ತಪ್ಪಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನೋಡಿದೆ, ಅಷ್ಟೇ. ಯೋಚನೆ ಅಲ್ಲಿಂದ ಮುಂದಕ್ಕೆ ನಡೆಯುತ್ತಿರಲಿಲ್ಲ.

ಗಾಜಿನಾಚೆ ಬೆಳಕು ಕೆಂಪಾಗುತ್ತಿತ್ತು. ಅಮ್ಮ ಗೋಡೆ ಹಿಡಿದು ಎದ್ದಳು.

ದೀದಿ ಕೂತಲ್ಲಿಂದಲೇ ಅವಳ ಎಡಗೈ ಹಿಡಿದರು. "ಇವತ್ತು ಬೇಡ ಅಮ್ಮ. ಇವತ್ತು ಮೂರನೆಯದು ಕುಡಿದೇ ಹೋಗಬೇಕು."

"ಬಿಡು ಮಾರಾಯ್ತಿ. ದೀಪ ಹಚ್ಲಿಕ್ಕುಂಟು."

"ಒಂದು ದಿನ ತಡವಾದರೆ ದೇವರು ಬೈಯುವುದಿಲ್ಲ. ಕೂತ್ಕೊ ಅಮ್ಮ." ಅವರ ಮಾತು ತೊದಲುತ್ತಿತ್ತು, ಕೈ ಬಿಡಲಿಲ್ಲ.

ಅಮ್ಮನ ಮೊಣಕಾಲು ಮಡಚಿಕೊಂಡಿತು. ಅವಳು ಅರ್ಧ ಕೂತಿದ್ದಳು. ನೆನಪಿನಲ್ಲಿ ನಾನು ನಿಲ್ಲುವುದು ಅಲ್ಲಿಯೇ. ಎಲ್ಲ ಸಲವೂ ಅಲ್ಲೇ ನಿಂತು, ಅಮ್ಮ ಪೂರ್ತಿ ಕೂತುಬಿಡುತ್ತಾಳೆ ಎಂದು ನೋಡುತ್ತೇನೆ. ಬಾಯಿ ತೆರೆಯಲು ಹೋದರೆ ನಾಲಿಗೆ ಏಳುವುದಿಲ್ಲ. ಆಮೇಲೆ ಅಮ್ಮ ತನ್ನ ಹಳೆಯ ಹಟದ ದನಿಯಲ್ಲಿ, "ದೀಪ ಹಚ್ಚದೆ ಕುಡಿದ್ರೆ ನಂಗೆ ಇಳಿಯುದಿಲ್ಲ," ಎಂದು ಕೈ ಕೊಸರಿಕೊಳ್ಳುತ್ತಾಳೆ. ಗರಿಕೆಯ ಮೇಲೇ ಕಾಲಿಟ್ಟುಕೊಂಡು ಹೋಗುತ್ತಾಳೆ. ಮುಂಬಾಗಿಲಿನ ಚಿಲಕ ತೆಗೆಯುತ್ತಾಳೆ. ಹೊಸ್ತಿಲಿನ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ಬೀಳುತ್ತಾಳೆ.

ಅವಳು ಬಿದ್ದದ್ದರಿಂದ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಎದುರು ಮನೆಯ ಮರಾಠಿ ಹೆಂಗಸು ಸದ್ದು ಕೇಳಿ ಹೊರಗೆ ಬಂದು ಕಿರುಚಿದಳು. ಅವಳೂ ವಾಚ್‌ಮನ್ನನೂ ಸೇರಿ ಕಿಟಕಿಯ ಗಾಜು ಒಡೆದು, ನಮ್ಮನ್ನು ಒಬ್ಬೊಬ್ಬರನ್ನಾಗಿ ಪ್ಯಾಸೇಜಿಗೆ ಎಳೆದು ಹಾಕಿದರು. ದೀದಿ ಸಿಗಡಿಯ ಪಕ್ಕದಲ್ಲಿ ಗೋಡೆಗೊರಗಿ ಕೂತೇ ಇದ್ದರಂತೆ, ತೊಡೆಯ ಮೇಲೆ ಹೂಜಿ ಹಾಗೆಯೇ ಇತ್ತಂತೆ. ಕಾಫಿ ಕೊಡುವವರು ಕೊನೆಯ ತನಕ ಕೆಂಡವನ್ನು ಬಿಟ್ಟು ಹೋಗಬಾರದು, ಅದು ಅವರ ಪದ್ಧತಿ. ಹಾಗಾಗಿ ಎಲ್ಲರಿಗಿಂತ ಹೆಚ್ಚು ಅವರೇ ಕುಡಿದಿದ್ದರು, ಆ ಗಾಳಿಯನ್ನು.

ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಡಾಕ್ಟರು ಆಮೇಲೆ ವಿವರಿಸಿದರು. ವಾಸನೆಯಿದ್ದದ್ದಕ್ಕೆ ಹೆದರಿ ನಾವು ವಾಸನೆಯಿಲ್ಲದ್ದನ್ನು ಒಳಗೆ ಇಟ್ಟುಕೊಂಡೆವು. ಬಿಲ್ಡಿಂಗಿನಲ್ಲಿ ಬಹಳ ದಿನ ಮಾತು ನಡೆಯಿತು. "ಈ ಫಾರಿನ್ ಜನ ಮನೆಯೊಳಗೆ ಬೆಂಕಿ ಹಾಕುತ್ತಾರೆ," ಎಂದರು ಸೊಸೈಟಿಯ ಸೆಕ್ರೆಟರಿ. ಆ ದಿನ ಎಲ್ಲರೂ ತಮ್ಮ ತಮ್ಮ ಕಿಟಕಿ ಹಾಕಿಕೊಂಡದ್ದು ಯಾರ ಬಾಯಲ್ಲೂ ಬರಲಿಲ್ಲ. ಅಮ್ಮ ಮಾತ್ರ ಬಿದ್ದಾಗ ಮುರಿದ ಬಲ ಮಣಿಕಟ್ಟನ್ನು ಪ್ಲಾಸ್ಟರಿನಲ್ಲಿ ಎತ್ತಿ ಹಿಡಿದುಕೊಂಡು ಕೂತು, ಆಗಾಗ ಒಂದೇ ಮಾತು ಹೇಳುತ್ತಿದ್ದಳು: "ನಾನೇ ಕಲಿಸಿದ್ದು."

ನಾವು ಬೇಗ ಚೇತರಿಸಿಕೊಂಡೆವು. ದೀದಿ ಕೆಲವು ದಿನ ಐ.ಸಿ.ಯು.ನಲ್ಲಿದ್ದು, ಎದ್ದು, ಮನೆಗೂ ಬಂದರು. ನಗು, ಭುಜ ಕುಣಿಸುವುದು, ರಿಕ್ಷಾದವರ ಜೊತೆ ಜಗಳ ಎಲ್ಲ ಮೊದಲಿನಂತೆ. ಕೆಲಸಕ್ಕೂ ಹೋದರು. ನಾವು ಗೆದ್ದೆವು ಎಂದುಕೊಂಡೆವು. ಈ ವಿಷ ಕೆಲವರಲ್ಲಿ ಹೋದಂತೆ ಮಾಡಿ, ವಾರಗಳ ಮೇಲೆ ತಿರುಗಿ ಬರುತ್ತದೆ ಎನ್ನುವುದು ನಮಗೆ ಗೊತ್ತಿರಲಿಲ್ಲ.

ನಾನು ಅದನ್ನು ಕಣ್ಣಾರೆ ಕಂಡದ್ದು ಡಾಕ್ಟರ ಕೋಣೆಯಲ್ಲಿ, ಸಹಿಗೆ ಕಾಗದ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಗ. ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ದೀದಿ ರೋಗಿಯ ಕಡೆ ತಿರುಗಿ, ಹೆಬ್ಬೆರಳು ಹಿಡಿದುಕೊಂಡು, ಅದೇ ಮಾತನ್ನು ಇಂಗ್ಲಿಷಿನಲ್ಲೇ ಹೇಳಿದರು. ರೋಗಿ ಅರ್ಥವಾಗದೆ ನೋಡಿದಳು. ದೀದಿ ಮತ್ತೊಮ್ಮೆ ಇಂಗ್ಲಿಷಿನಲ್ಲೇ ಹೇಳಿದರು, ಇನ್ನೂ ಮೆತ್ತಗೆ. ಆಮೇಲೆ ನನ್ನ ಕಡೆ ನೋಡಿದರು. ಕಳೆದುಹೋದ ಮಗುವಿನ ಮುಖ ಅದು.

ಒಂದೊಂದಾಗಿ ಹೋದವು. ಸೋಮಾಲಿ, ಅರಬ್ಬಿ, ಆಮೇಲೆ ಹಿಂದಿ. ಇಂಗ್ಲಿಷ್ ಚೂರುಚೂರಾಗಿ ಸ್ವಲ್ಪ ಕಾಲ ಉಳಿದು ಅದೂ ಹೋಯಿತು. ಕೊನೆಗೆ ಉಳಿದದ್ದು ಹುಟ್ಟುವಾಗ ಬಂದದ್ದು ಮಾತ್ರ, ಅದೂ ಕೆಲವೇ ಶಬ್ದ. ಹಬ್ಬದ ದಿನ ಗೋಡೆಗೊರಗಿ ಅತ್ತಿದ್ದ ಅವರ ದೇಶದ ಆ ಹೆಂಗಸು, ತನ್ನ ಚಿಕಿತ್ಸೆ ಮುಗಿಯುವ ತನಕ ದಿನವೂ ಬಂದು ಪಕ್ಕದಲ್ಲಿ ಕೂತು, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಅವರ ಮಾತನ್ನು ನಮಗೆ ಹೇಳುತ್ತಿದ್ದಳು. "ನನಗೆ ನೀರು ಬೇಕು," ಎನ್ನುತ್ತಿದ್ದಳು, ದೀದಿಯ ಪರವಾಗಿ. "ನನಗೆ ಭಯ ಆಗುತ್ತಿದೆ," ಎನ್ನುತ್ತಿದ್ದಳು. ಹಾಗೆ ಹೇಳುವುದನ್ನು ಅವಳು ಯಾರಿಂದ ಕಲಿತಿದ್ದಳೋ ನನಗೆ ಗೊತ್ತಿತ್ತು, ಅದಕ್ಕೇ ಕೇಳಲಾಗುತ್ತಿರಲಿಲ್ಲ.

ದೀದಿಯನ್ನು ಊರಿಗೆ ಕರೆದುಕೊಂಡು ಹೋಗಲು ಅವರ ತಮ್ಮ ಬಂದ. ಹೊರಡುವ ಹಿಂದಿನ ದಿನ ಅವನು ಟಿಕೆಟ್ಟಿನ ಕೆಲಸಕ್ಕೆ ಹೋಗಿದ್ದಾಗ ಅಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿದಳು. ಹಾಲು ಹಾಕಲಿಲ್ಲ. ಅದನ್ನು ಒಂದು ಚೊಂಬಿನಲ್ಲಿ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು ಮೇಲೆ ಹೋದಳು. ಒಡೆದ ಕಿಟಕಿಗೆ ಹೊಸ ಗಾಜು ಹಾಕಿಸಿರಲಿಲ್ಲ. ಅಮ್ಮ ಕಪಾಟಿನಿಂದ ಹಿಡಿಯಿಲ್ಲದ ಬಟ್ಟಲುಗಳನ್ನು ತೆಗೆದು ತೊಳೆದಳು. ನೆಲದ ಮೇಲೆ ದೀದಿಯ ಎದುರಿಗೆ ಕೂತಳು. ಇನ್ನೂ ಸರಿ ಬಗ್ಗದ ಬಲಗೈಯಲ್ಲಿ ಕೊಟ್ಟಳು, ಎಡಗೈಯಿಂದ ಮೊಣಕೈ ಮುಟ್ಟಿಕೊಂಡು.

ಮೊದಲನೆಯದನ್ನು ಇಬ್ಬರೂ ಕುಡಿದರು. ಎರಡನೆಯದಕ್ಕೆ ಅಮ್ಮ ಬಿಸಿನೀರು ಬೆರೆಸಿದಳು. "ಕಷಾಯವೇ ಇದು ಮಾರಾಯ್ತಿ, ನಾನು ಹೇಳಿದ್ದೇ ಸರಿ," ಎಂದಳು. ದೀದಿಯ ಮುಖದಲ್ಲಿ ಏನೂ ಬರಲಿಲ್ಲ. ಹೊರಗೆ ಬೆಳಕು ಇಳಿಯುತ್ತಿತ್ತು. ನಾನು ಅಮ್ಮನನ್ನು ನೋಡಿದೆ. "ಇವತ್ತು ದೀಪ ಕಾಯ್ತದೆ," ಎಂದಳು ಅವಳು, ನಾನು ಕೇಳದಿದ್ದರೂ. ಮೂರನೆಯದನ್ನು ಹೊಯ್ದು, ತನ್ನ ಬಟ್ಟಲನ್ನು ಎತ್ತಿದಳು.

ದೀದಿ ಕಿಟಕಿಯ ಕಡೆ ನೋಡಿದರು. ಕೆಂಪಾದ ಆಕಾಶವನ್ನು ನೋಡಿದರು, ಅಮ್ಮನನ್ನು ನೋಡಿದರು. ಅವರ ಉಸಿರು ಜೋರಾಯಿತು. ಅಮ್ಮನ ತುಟಿಯ ಹತ್ತಿರವಿದ್ದ ಬಟ್ಟಲನ್ನು ತೆಗೆದು ನೆಲದ ಮೇಲಿಟ್ಟರು. ಎದ್ದು, ಅವಳ ಎಡಗೈ ಹಿಡಿದು ಎಬ್ಬಿಸಿದರು. ಆ ಹಿಡಿತ ನನಗೆ ಗೊತ್ತು, ಅದನ್ನು ನಾನು ದಿನವೂ ನೋಡುತ್ತೇನೆ. ಆದರೆ ಈ ಸಲ ಅವರು ಅಮ್ಮನನ್ನು ಬಾಗಿಲ ಕಡೆಗೆ ಎಳೆದುಕೊಂಡು ಹೋದರು. ಚಿಲಕ ತೆಗೆದರು. ಮೆತ್ತಗೆ ಬೆನ್ನಿಗೆ ಕೈಯಿಟ್ಟು ಹೊಸ್ತಿಲಿನಾಚೆಗೆ ದಾಟಿಸಿದರು.

ಅಮ್ಮ ಪ್ಯಾಸೇಜಿನಲ್ಲಿ ನಿಂತು ಏನೋ ಹೇಳಲು ಹೋದಳು. ದೀದಿ ಕೈಬೀಸಿ, ಹೋಗು ಎಂದು ಸನ್ನೆ ಮಾಡಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲು ಇಳಿದಳು.

ದೀದಿ ಬಾಗಿಲು ಹಾಕಲಿಲ್ಲ. ಎರಡೂ ಕೈಗಳಿಂದ ಅದನ್ನು ಗೋಡೆಗೆ ಒತ್ತಿ ಹಿಡಿದುಕೊಂಡು, ಕಿವಿಗೊಟ್ಟು ನಿಂತರು. ನಾನು ಕರೆದರೂ ತಿರುಗಲಿಲ್ಲ. ಕೆಳಗಿನಿಂದ ಅಮ್ಮನ ಗಂಟೆಯ ಸದ್ದು ಬಂದ ಮೇಲೆ ಮಾತ್ರ ಬಂದು ಕೂತರು.